ದಿನಕ್ಕ 3,000 ರೊಟ್ಟಿ ಆರ್ಡರ್ ಬಂದೈತಿ: ಮೊದಲು ಮಷೀನೋ, ಮಂದಿಯೋ?

ರೊಟ್ಟಿ_ಕೇಂದ್ರ (ಪ್ರಶ್ನೆ)

ನಮಸ್ಕಾರ ರೀ ಎಲ್ಲಾರಿಗೂ. ಬಾಗಲಕೋಟ ಜಿಲ್ಲೆಯ ಒಂದು ಹಳ್ಳಿ. ಆರು ಮಂದಿ ಹೆಣ್ಮಕ್ಕಳ ಸ್ವಸಹಾಯ ಸಂಘ. ಕೈಲೆ ಬಡಿದ ಕಡಕ್ ರೊಟ್ಟಿ ದಿನಕ್ಕ 700ರಿಂದ 800 ಆಗತಾವ, ಖಾನಾವಳಿಗೋಳು ಮತ್ತ ಮದುವಿ ಮನಿಗೋಳಿಗೆ ಹೋಗತಾವ. ಈಗ ಬೆಂಗಳೂರಿನ ಒಬ್ಬ ವಿತರಕರು ದಿನಕ್ಕ 3,000 ಕೇಳ್ಯಾರ. ಹತ್ತರ ಪ್ಯಾಕೆಟ್, ಅಲ್ಲಿಗೆ ಮುಟ್ಟಿಸಿ ರೊಟ್ಟಿಗೆ 7 ರೂಪಾಯಿ, ರೊಕ್ಕ 30 ದಿನಕ್ಕ.

ಕೇಳೂದು ಇಷ್ಟು:

1. ಪಿಎಂಎಫ್‌ಎಂಇ (ಸಣ್ಣ ಆಹಾರ ಉದ್ಯಮಕ್ಕ ಕೇಂದ್ರ ಸರ್ಕಾರದ ಯೋಜನೆ) ಸಬ್ಸಿಡಿಯೊಳಗ ರೊಟ್ಟಿ ಮಷೀನ್ ತಗೋಬೇಕೋ, ಬಾಜೂ ಊರಿನ ಎರಡು ಸಂಘ ಕೂಡಿಸ್ಕೋಬೇಕೋ?
2. ಮೂರೂ ಕಡೆ ಒಂದ ನಮೂನಿ ರೊಟ್ಟಿ ಬರೂ ಹಂಗ ಹೆಂಗ ಮಾಡೂದು?
3. ನಮ್ಮ ಹೆಸರಿಲೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಐತಿ. ಅದ ಸಾಕೇನು?
4. ಅವರು ಪ್ಯಾಕೆಟ್ ಮ್ಯಾಲೆ 45 ದಿನ ಬಾಳಿಕೆ ಬರೀರಿ ಅಂತಾರ. ನಮ್ಮ ರೊಟ್ಟಿ ಎಷ್ಟು ದಿನ ತಡೀತೈತಿ ಅಂತ ಅಳದು ನೋಡಿಲ್ಲ.

---

ಗಿರಣಿ_ಮನಿ

ಅಕ್ಕಾರ, ಮಷೀನ್ ಮಾತು ಆಮ್ಯಾಲ. ಮೊದಲು ಹಿಟ್ಟು ನೋಡ್ರಿ.

ಒಂದು ರೊಟ್ಟಿಗೆ 45 ಗ್ರಾಂ ಹಿಟ್ಟು ಹಿಡಿದ್ರ 3,000ಕ್ಕ 135 ಕೆ.ಜಿ. ತಿಂಗಳಿಗೆ 26 ದಿನ ಅಂದ್ರ 35 ಕ್ವಿಂಟಲ್, ಮುರಿಯೂದೂ ಕೂಡಿಸಿದ್ರ 37. ಸಂತ್ಯಾಗ ವಾರಕ್ಕ ಎರಡು ಚೀಲ ಕೊಂಡು ಇಷ್ಟು ಮಾಡಾಕ ಆಗೂದಿಲ್ಲ. ಪ್ರತಿ ಚೀಲ ಬ್ಯಾರೆ ಜೋಳ ಬಂದ್ರ ಪ್ರತಿ ದಿನ ಬ್ಯಾರೆ ರೊಟ್ಟಿ ಬರತೈತಿ. ಹಿಂಗಾರಿ ಬಿಳಿ ಜೋಳನ ತಗೋರಿ, ಮಾಲ್ದಂಡಿ (ಎಂ 35-1) ಸಿಕ್ರ ಛಲೋ. ರಾಶಿ ಆಗೂ ವ್ಯಾಳ್ಯಾಕ್ಕ ನಿಮ್ಮ ಸುತ್ತಲಿನ ರೈತ ಉತ್ಪಾದಕ ಕಂಪನಿ ಜೋಡಿ ಮಾತಾಡಿ, ಮೂರು ನಾಲ್ಕು ತಿಂಗಳದ ಜೋಳ ಒಂದ ಲಾಟ್‌ನಾಗ ಗೊತ್ತು ಮಾಡ್ರಿ. ಮಳಿಗೆ ಸಿಕ್ಕು ತೆನಿ ಕಪ್ಪಾದ ಮುಂಗಾರಿ ಜೋಳ ಅಗ್ಗ ಅಂತ ತರಬ್ಯಾಡ್ರಿ, ಬಣ್ಣಾನೂ ಕೆಡತೈತಿ ವಾಸನಿನೂ ಕೆಡತೈತಿ. ಕಾಳು ಹಲ್ಲಾಗ ಕಡದ್ರ ಕಟ್ಟಂತ ಒಡೀಬೇಕು. ಮೆತ್ತಗ ಚಪ್ಪಟಿ ಆತಂದ್ರ ಇನ್ನೂ ಹಸಿ ಐತಿ, ಚೀಲಕ್ಕ ತುಂಬಿದ್ರ ಹುಳ ಬೀಳತೈತಿ.

ಬೀಸೂದು ವಾರಕ್ಕೊಮ್ಮೆ ಅಲ್ಲ. ಜೋಳದ ಹಿಟ್ಟಿನಾಗ ಕಾಳಿನ ಮೊಳಕಿ ಭಾಗದ ಎಣ್ಣಿ ಇರತೈತಿ, ಬೀಸಿದ ಮ್ಯಾಲ ಗಾಳಿ ತಾಗಿ ಅದು ಕೆಡಾಕ ಹತ್ತತೈತಿ. ಮೊದಲು ಜಿಗಿ ಕಡಿಮಿ ಆಗತೈತಿ, ಆಮ್ಯಾಲ ಬಾಯಿಗೆ ಕಹಿ ಹತ್ತತೈತಿ. ಬ್ಯಾಸಗ್ಯಾಗೂ ಮಳಿಗಾಲದಾಗೂ ಮೂರು ದಿನದ ಹಿಟ್ಟು ಅಷ್ಟ ಬೀಸಸ್ರಿ, ಮೂರೂ ಸಂಘಕ್ಕ ಒಂದ ಗಿರಣಿಯಿಂದ. ಗಿರಣಿಯಿಂದ ಬಿಸಿ ಹಿಟ್ಟು ಬಂದ ಕೂಡಲೆ ಡಬ್ಬಿಗೆ ಮುಚ್ಚಿ ಇಡಬ್ಯಾಡ್ರಿ, ಹರಡಿ ಆರಿಸಿ ಇಡ್ರಿ.

ನಿಮಗ ಗೊತ್ತಿದ್ದದ್ದ, ಆದರೂ ಅಳತಿ ಬರದು ಗ್ವಾಡಿಗೆ ಹಚ್ಚರಿ: 1 ಕೆ.ಜಿ. ಹಿಟ್ಟಿಗೆ 850ರಿಂದ 900 ಮಿ.ಲೀ. ನೀರು. ಎಸರು ಗಳಗಳ ಕುದಿಯೂ ಮುಂದ ಅರ್ಧ ಹಿಟ್ಟು ಹಾಕಿ ತಿರುವಿ, ಮುಚ್ಚಿ ಐದು ನಿಮಿಷ ಬಿಟ್ಟು, ಉಳಿದ ಹಿಟ್ಟು ಕೂಡಿಸಿ ನಾದೂದು. ಗೋದಿಯೊಳಗಿನ ಅಂಟು ಜೋಳದಾಗ ಇಲ್ಲ. ಕುದಿ ನೀರಿಗೆ ಪಿಷ್ಟ ಬೆಂದು ಅಂಟಾಗೂದನ ಜೋಳದ ಜಿಗಿ. ಉಗುರುಬೆಚ್ಚನ ನೀರು ಹಾಕಿದ್ರ ಅಂಚು ಸೀಳತಾವ. ಹೊಸಬರ ರೊಟ್ಟಿ ಸೀಳಿದ್ರ ಕೈ ಬರೂದಿಲ್ಲ ಅಂತ ಬೈಯೂದಕಿಂತ ಮೊದಲು ಎಸರು ಎಷ್ಟು ಕುದ್ದಿತ್ತು ಕೇಳ್ರಿ.

---

ಖಾತೆ_ಕಿರ್ದಿ

ಹಿಟ್ಟಿನ ಮಾತು ಮೇಲೆ ಬಂದಿದೆ, ನಾನು ದುಡ್ಡಿನ ಲೆಕ್ಕ ಹಾಕುತ್ತೇನೆ. ದರಗಳು ಉದಾಹರಣೆಗೆ ಮಾತ್ರ, ನಿಮ್ಮ ಊರಿನ ದರ ತುಂಬಿಕೊಳ್ಳಿ. ಒಂದು ರೊಟ್ಟಿಗೆ:

ಹಿಟ್ಟು 45 ಗ್ರಾಂ (ಬೀಸುವ ಕೂಲಿ ಸೇರಿ ಕೆ.ಜಿ.ಗೆ 50 ರೂ.): 2.25
ಬಡಿದು ಬೇಯಿಸುವ ಕೂಲಿ: 2.00
ಗ್ಯಾಸ್: 0.50
ಪ್ಯಾಕೆಟ್, ರಟ್ಟು, ಡಬ್ಬಿಯ ಪಾಲು: 0.45
ಬೆಂಗಳೂರಿಗೆ ಸಾಗಣೆ: 0.45
ಬಾಡಿಗೆ, ಕರೆಂಟು, ಮೇಲ್ವಿಚಾರಣೆ: 0.30
ಮುರಿಯುವುದು, ಶೇ 5: 0.25
ಒಟ್ಟು: 6.20

ಏಳು ರೂಪಾಯಿಗೆ ಮಾರಿದರೆ ಉಳಿಯುವುದು 80 ಪೈಸೆ, ದಿನಕ್ಕೆ 2,400. ಕೇಳಲು ಚೆನ್ನಾಗಿದೆ. ಆದರೆ ಜೋಳ ಕೆ.ಜಿ.ಗೆ 10 ರೂಪಾಯಿ ಏರಿತು ಅಂದರೆ ರೊಟ್ಟಿಗೆ 45 ಪೈಸೆ ಹೋಯಿತು. ಮುರಿಯುವುದು ಶೇ 5ರಿಂದ 10ಕ್ಕೆ ಹೋದರೆ ಇನ್ನು 25 ಪೈಸೆ. ಎರಡೂ ಒಟ್ಟಿಗೆ ಆದ ತಿಂಗಳು ಉಳಿಯುವುದು 10 ಪೈಸೆ. ಗ್ಯಾಸಿನ ಅಂದಾಜನ್ನು ಯಾರ ಮಾತು ಕೇಳಿಯೂ ಹಾಕಬೇಡಿ: 19 ಕೆ.ಜಿ. ಸಿಲಿಂಡರನ್ನು ತೂಗಿ, 500 ರೊಟ್ಟಿ ಮಾಡಿ, ಮತ್ತೆ ತೂಗಿ.

ಈಗ ನಿಜವಾದ ತೊಂದರೆ. ದಿನಕ್ಕೆ 18,600 ರೂ. ಖರ್ಚು, ದುಡ್ಡು ಬರುವುದು 30 ದಿನಕ್ಕೆ. ಹಾಗಾದರೆ ಮೊದಲ ಚೆಕ್ಕು ಬರುವ ಹೊತ್ತಿಗೆ ನೀವು 5,58,000 ರೂ. ಹೊರಗೆ ಹಾಕಿರುತ್ತೀರಿ, ದಿನ ಬಿಡದೆ ಕಳಿಸಿದರೆ. ವಾರದ ರಜೆ ಕಳೆದರೂ 26 ದಿನಕ್ಕೆ 4,83,600. ವಾರಕ್ಕೊಮ್ಮೆ ಪಾವತಿ ಅಂತ ಒಪ್ಪಿಸಿದರೆ ಅದೇ ಆರ್ಡರಿಗೆ 1,30,200 ಸಾಕು. ನೀವು ಚೌಕಾಸಿ ಮಾಡಬೇಕಾದದ್ದು 7 ರೂಪಾಯಿಯನ್ನು ಏಳೂವರೆ ಮಾಡಲು ಅಲ್ಲ, 30 ದಿನವನ್ನು ಏಳು ದಿನ ಮಾಡಲು. ಅದಕ್ಕಾಗಿ ದರದಲ್ಲಿ 10 ಪೈಸೆ ಬಿಟ್ಟುಕೊಟ್ಟರೂ ನಷ್ಟವಿಲ್ಲ.

ಉದ್ಯಮ್ ನೋಂದಣಿ (ಸಣ್ಣ ಉದ್ಯಮವೆಂದು ಸರ್ಕಾರದಲ್ಲಿ ದಾಖಲಾಗುವುದು) ಇಲ್ಲದಿದ್ದರೆ ಮೊದಲ ಲಾರಿ ಹೊರಡುವ ಮುಂಚೆ ಮಾಡಿಸಿ. ಸರ್ಕಾರದ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ, ಶುಲ್ಕ ಕೇಳುವ ಜಾಲತಾಣ ಸರ್ಕಾರದ್ದಲ್ಲ. ಸಣ್ಣ ಉದ್ಯಮಗಳ ಎಂಎಸ್‌ಎಂಇಡಿ ಕಾಯ್ದೆ 2006ರ ಪ್ರಕಾರ ಲಿಖಿತ ಒಪ್ಪಂದ ಇದ್ದರೂ ಕೊಳ್ಳುವವರು ಪಾವತಿಗೆ 45 ದಿನ ಮೀರುವಂತಿಲ್ಲ, ಒಪ್ಪಂದ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನೋಂದಣಿಗೆ ಮುಂಚೆ ಕಳಿಸಿದ ಮಾಲಿಗೆ ಈ ರಕ್ಷಣೆ ಕೇಳುವುದು ಕಷ್ಟ.

---

ರೊಟ್ಟಿ_ಕೇಂದ್ರ

30 ದಿನದ ಉದ್ದರಿ ಲೆಕ್ಕ ಹಿಂಗ ಹಾಕಿ ನೋಡಿದ್ದಿಲ್ಲ ಸರ. ಆ ಐದೂವರೆ ಲಕ್ಷ ಪಿಎಂಎಫ್‌ಎಂಇ ಸಾಲದಾಗ ಬರತೈತೇನು?

---

ಖಾತೆ_ಕಿರ್ದಿ

ಸಬ್ಸಿಡಿ ಬರುವುದಿಲ್ಲ. ಅದು ಯಂತ್ರ, ಶೆಡ್ಡಿನಂಥ ಬಂಡವಾಳಕ್ಕೆ. ಓಡಾಟದ ಬಂಡವಾಳಕ್ಕೆ ಬ್ಯಾಂಕು ಬೇರೆ ಸಾಲ ಕೊಡಬಹುದು, ಸಬ್ಸಿಡಿ ಅದಕ್ಕಿಲ್ಲ. ಸಂಘಗಳಿಗೆ ಇದೇ ಯೋಜನೆಯಲ್ಲಿ ಇನ್ನೊಂದು ಬಾಗಿಲಿದೆ: ಆಹಾರ ಸಂಸ್ಕರಣೆ ಮಾಡುವ ಸದಸ್ಯೆಗೆ ತಲಾ 40,000 ರೂ. ವರೆಗೆ ಬೀಜ ಬಂಡವಾಳ. ಅದನ್ನು ಓಡಾಟದ ಬಂಡವಾಳಕ್ಕೂ ಸಣ್ಣ ಸಲಕರಣೆಗೂ ಬಳಸಬಹುದು. ಆರು ಮಂದಿಗೆ 2,40,000. ಇದು ಸಂಜೀವಿನಿ ಒಕ್ಕೂಟದ (ಸ್ವಸಹಾಯ ಸಂಘಗಳ ಒಕ್ಕೂಟ) ದಾರಿಯಲ್ಲಿ ಬರುತ್ತದೆ, ಸಂಘ ಅದನ್ನು ಸಾಲವಾಗಿ ಪಡೆದು ಒಕ್ಕೂಟಕ್ಕೆ ತಿರುಗಿ ಕಟ್ಟಬೇಕು. ವಾರದ ಪಾವತಿಗೆ ವಿತರಕರು ಒಪ್ಪಿದರೆ ಈ ದುಡ್ಡೊಂದರಲ್ಲೇ ಆರ್ಡರ್ ನಡೆಯುತ್ತದೆ.

ಬಂಡವಾಳ ಸಬ್ಸಿಡಿಯ ಲೆಕ್ಕ: ಕೇಂದ್ರದ್ದು ಶೇ 35, ಮೇಲೆ ಕರ್ನಾಟಕ ಸರ್ಕಾರದ್ದು ಶೇ 15, ಒಟ್ಟು ಶೇ 50, ಮಿತಿ 15 ಲಕ್ಷ. ನಿಮ್ಮ ಕೈಯಿಂದ ಕನಿಷ್ಠ ಶೇ 10. ಆರು ಲಕ್ಷದ ಯೋಜನೆ ಆದರೆ ನಿಮ್ಮದು 60,000, ಬ್ಯಾಂಕಿನದು 5,40,000, ಸಬ್ಸಿಡಿ 3,00,000. ಈ ಮೂರು ಲಕ್ಷ ಕೈಗೆ ಬರುವುದಿಲ್ಲ, ಬ್ಯಾಂಕಿನಲ್ಲಿ ಬೇರೆ ಖಾತೆಯಲ್ಲಿ ಕೂತಿರುತ್ತದೆ. ಮೂರು ವರ್ಷ ಘಟಕ ನಡೆದು, ಕಂತು ತಪ್ಪದಿದ್ದರೆ ಮಾತ್ರ ಸಾಲಕ್ಕೆ ವಜಾ. ಘಟಕ ಮುಚ್ಚಿದರೆ ಪೂರ್ತಿ ಸಾಲ ನಿಮ್ಮ ತಲೆ ಮೇಲೆ. ‘ಅರ್ಧ ಬೆಲೆಗೆ ಮಷೀನ್’ ಅಂತ ಏಜೆಂಟರು ಹೇಳುವಾಗ ಈ ಭಾಗ ನುಂಗಿಬಿಡುತ್ತಾರೆ.

ಎರಡು ಎಚ್ಚರ. ಸಾಲ ಮಂಜೂರಾಗುವ ಮೊದಲು ಯಂತ್ರಕ್ಕೆ ಮುಂಗಡ ಕೊಡಬೇಡಿ. ಅರ್ಜಿ ಮತ್ತು ಯೋಜನಾ ವರದಿ ಮಾಡಿಕೊಡಲು ಜಿಲ್ಲೆಯಲ್ಲಿ ಸಂಪನ್ಮೂಲ ವ್ಯಕ್ತಿಗಳಿದ್ದಾರೆ, ಅವರ ಗೌರವಧನ ಸರ್ಕಾರದ್ದು, ನೀವು ಕೊಡಬೇಕಾಗಿಲ್ಲ. ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಕೆಪೆಕ್ (ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ), ವಿಚಾರಣೆ ಜಿಲ್ಲೆಯ ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ ಶುರು ಮಾಡಿ. ಯೋಜನೆ 2020ರಲ್ಲಿ ಆರಂಭವಾಗಿ 2025-26ರ ವರೆಗೆ ವಿಸ್ತರಣೆ ಆದದ್ದು. ಆದ್ದರಿಂದ ಮೊದಲ ಪ್ರಶ್ನೆಯೇ ‘ಈಗ ಹೊಸ ಅರ್ಜಿ ತಗೋತಿದ್ದೀರಾ’ ಅಂತಿರಲಿ.

---

ಸಂಘದ_ಸೂಚಿ

ನಿಮ್ಮ 2 ಮತ್ತು 3ನೇ ಪ್ರಶ್ನೆಗೆ.

ಕೈಯಲ್ಲಿ 3,000 ಆಗಬೇಕಾದರೆ, ಒಬ್ಬರಿಗೆ ದಿನಕ್ಕೆ 130ರಿಂದ 150 ಅಂತ ಹಿಡಿದರೂ 20ರಿಂದ 23 ಮಂದಿ ಬೇಕು. ಹಾಗಾಗಿ ಮೂರು ಸಂಘ ಕೂಡುವುದು ಸರಿಯಾದ ಲೆಕ್ಕವೇ. ಕಲಬುರಗಿಯಲ್ಲಿ ಮಹಿಳಾ ಗುಂಪುಗಳು ‘ಕಲಬುರಗಿ ರೊಟ್ಟಿ’ ಎಂಬ ಒಂದೇ ಹೆಸರಿನಡಿ ಮಾರುತ್ತಿರುವುದು ನಿಮಗೆ ಗೊತ್ತಿರಬಹುದು. 2025ರ ಜೂನ್‌ನ ಮನ್ ಕೀ ಬಾತ್‌ನಲ್ಲಿ ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ ಅಂತ ಹೇಳಿದ್ದು ಅವರದೇ ಸುದ್ದಿ. ಅಲ್ಲಿಗೆ ಒಮ್ಮೆ ಹೋಗಿ, ಆದರೆ ರೊಟ್ಟಿ ಬಡಿಯುವುದನ್ನು ನೋಡಲು ಅಲ್ಲ, ಅದು ನಿಮಗೂ ಬರುತ್ತದೆ. ಬೇರೆ ಬೇರೆ ಕಡೆಯ ಮಾಲು ಒಂದು ಕಡೆ ಸೇರುವಾಗ ಯಾರು ಎಣಿಸುತ್ತಾರೆ, ಯಾವುದನ್ನು ತಿರಸ್ಕರಿಸುತ್ತಾರೆ, ದುಡ್ಡು ಯಾವ ದಿನ ಹಂಚುತ್ತಾರೆ ಅಂತ ನೋಡಿಕೊಂಡು ಬನ್ನಿ.

ಒಂದೇ ನಮೂನೆ ಬರಲು ಮಾತಿಗಿಂತ ಅಳತೆ ಸಾಧನ ಕೆಲಸ ಮಾಡುತ್ತದೆ. ಪ್ರತಿ ಸಂಘಕ್ಕೆ ಮೂರು ವಸ್ತು ಕೊಡಿ: 1 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ, 9 ಇಂಚಿನ ತಗಡಿನ ಬಳೆ, ಒಂದು ಸಾಮಾನ್ಯ ವಹಿ. ಹಿಟ್ಟಿನ ಉಂಡೆ 83ರಿಂದ 87 ಗ್ರಾಂ. ಕಡಕ್ ಆದ ರೊಟ್ಟಿ 41ರಿಂದ 45 ಗ್ರಾಂ. 45 ದಾಟಿದರೆ ದಪ್ಪ ಇದೆ ಅಥವಾ ಒಳಗೆ ಹಸಿ ಉಳಿದಿದೆ, ಈ ಎರಡನೆಯದು ಪ್ಯಾಕೆಟ್ಟಿನಲ್ಲಿ ಬೂಸ್ಟು ಬರುವ ರೊಟ್ಟಿ. ಪ್ರತಿ ನೂರಕ್ಕೆ ಐದು ತೂಗಿದರೆ ಸಾಕು, ಎಲ್ಲವನ್ನೂ ತೂಗುತ್ತ ಕೂತರೆ ಕೆಲಸ ನಿಲ್ಲುತ್ತದೆ.

ಒಪ್ಪಂದ ಛಾಪಾ ಕಾಗದದ ಮೇಲೆ ಬರೆಯಿರಿ, ಎರಡೇ ಪುಟ ಸಾಕು. ಇದರಲ್ಲಿ ಜಗಳ ಹುಟ್ಟುವುದು ಸಾಮಾನ್ಯವಾಗಿ ಮೂರು ಕಡೆ. ಸಾಗಣೆಯಲ್ಲಿ ಮುರಿದ ರೊಟ್ಟಿ ಯಾರ ಲೆಕ್ಕಕ್ಕೆ? ಪ್ಯಾಕೆಟ್ ಮೇಲೆ ಸಂಘದ ಗುರುತು ಇದ್ದರೆ (ಅ-12, ಬ-12 ಅಂದರೆ 12ನೇ ತಾರೀಖಿನ ಮಾಲು) ದೂರು ಬಂದಾಗ ಯಾರ ಮನೆಯದೆಂದು ತಿಳಿಯುತ್ತದೆ, ಗುರುತಿಲ್ಲದಿದ್ದರೆ ಮೂರೂ ಸಂಘ ಒಬ್ಬರನ್ನೊಬ್ಬರು ಬೈಯುತ್ತವೆ. ಆರ್ಡರ್ 3,000ದಿಂದ 1,500ಕ್ಕೆ ಇಳಿದ ವಾರ ಯಾರ ಪಾಲು ಕಡಿತ? ಎಲ್ಲರದೂ ಸಮ ಪ್ರಮಾಣದಲ್ಲಿ ಅಂತ ಮೊದಲೇ ಬರೆಯಿರಿ. ಒಂದು ಸಂಘ ನೇರವಾಗಿ ವಿತರಕರ ಜೊತೆ ವ್ಯವಹಾರ ಮಾಡಬಹುದೇ? ಹಳೆಯ ಗಿರಾಕಿಗಳು ಅವರವರಿಗೆ, ಈ ವಿತರಕರು ಮಾತ್ರ ಒಟ್ಟಿಗೆ ಅಂತ ಗೆರೆ ಎಳೆಯಿರಿ. ಸಹಕಾರ ಸಂಘವೋ ಉತ್ಪಾದಕ ಕಂಪನಿಯೋ ಅನ್ನುವುದು ಒಂದು ವರ್ಷ ಹೀಗೆ ನಡೆದ ಮೇಲೆ. ಈಗಲೇ ಕಂಪನಿ ಮಾಡಿದರೆ ವರ್ಷವರ್ಷ ಆಡಿಟ್ ಮತ್ತು ರಿಟರ್ನ್ ಖರ್ಚು ಬರುತ್ತದೆ, ರೊಟ್ಟಿ ಹೆಚ್ಚಾಗುವುದಿಲ್ಲ.

ಕಾಗದಪತ್ರ: ಎಫ್‌ಎಸ್‌ಎಸ್‌ಎಐ ನೋಂದಣಿ ಜಾಗಕ್ಕೆ ಸೇರಿದ್ದು. ರೊಟ್ಟಿ ಮೂರು ಊರಲ್ಲಿ ತಯಾರಾದರೆ ಮೂರಕ್ಕೂ ಬೇಕು, ನಿಮ್ಮ ಒಂದೇ ನಂಬರ್ ಎಲ್ಲ ಪ್ಯಾಕೆಟ್ ಮೇಲೆ ಹಾಕುವಂತಿಲ್ಲ. ಇನ್ನೊಂದು, 3,000 × 7 × 26 × 12 ಅಂದರೆ ವರ್ಷಕ್ಕೆ 65 ಲಕ್ಷದ ವಹಿವಾಟು. 2011ರ ನಿಯಮಗಳಲ್ಲಿ ಸರಳ ನೋಂದಣಿಗೆ ಇಟ್ಟ ಮಿತಿ 12 ಲಕ್ಷ. ಅರ್ಜಿ ಹಾಕುವ ದಿನ ಎಫ್‌ಎಸ್‌ಎಸ್‌ಎಐನ ಫಾಸ್ಕಾಸ್ ಪೋರ್ಟಲ್‌ನಲ್ಲಿ ಯಾವ ಮಿತಿ ಇದೆ ನೋಡಿ, ಪ್ಯಾಕಿಂಗ್ ಮಾಡುವ ಜಾಗಕ್ಕೆ ಲೈಸೆನ್ಸ್ ಬೇಕಾದರೆ ಆರ್ಡರ್ ಶುರುವಾಗುವ ಮೊದಲೇ ತೆಗೆಯಿರಿ.

ಜಿಎಸ್‌ಟಿ ಬಗ್ಗೆ ಯಾರೂ ಕೇಳಿಲ್ಲ, ಆದರೆ ಇಲ್ಲೇ ಜಾರುವುದು. 2025ರ ಸೆಪ್ಟೆಂಬರ್ 22ರಿಂದ ಚಪಾತಿ, ರೊಟ್ಟಿ ಮೇಲೆ ತೆರಿಗೆ ಶೂನ್ಯ. ತೆರಿಗೆ ಇಲ್ಲದ ಮಾಲು ಮಾತ್ರ ಮಾರುವವರಿಗೆ ನೋಂದಣಿ ಬೇಕಿಲ್ಲ. ಆದರೆ ಅದೇ ಹೆಸರಿನಲ್ಲಿ ಶೇಂಗಾ ಹಿಂಡಿ, ಅಗಸಿ ಹಿಂಡಿಯ (ಚಟ್ನಿ ಪುಡಿ) ಪ್ಯಾಕೆಟ್ಟೂ ಮಾರಲು ಶುರು ಮಾಡಿದರೆ, 40 ಲಕ್ಷದ ಮಿತಿಗೆ ರೊಟ್ಟಿಯ ವಹಿವಾಟೂ ಸೇರಿ ಎಣಿಕೆ ಆಗುತ್ತದೆ. ಹಿಂಡಿ ಸೇರಿಸುವ ಮೊದಲು ಲೆಕ್ಕಿಗರನ್ನು ಕೇಳಿ.

---

ವೆಲ್ಡಿಂಗ್_ಶಾಪ್

ಮಷೀನ್ ಬೇಡವೇ ಬೇಡ ಅನ್ನುವ ಹಾಗೆ ಕಾಣುತ್ತಿದೆ, ಅದು ಸರಿಯಲ್ಲ. ಯಾವ ಮಷೀನ್ ಅನ್ನುವುದು ಪ್ರಶ್ನೆ.

ಮೊದಲು ಬರಬೇಕಾದದ್ದು ನಾದುವ ಯಂತ್ರ. 135 ಕೆ.ಜಿ. ಹಿಟ್ಟು ಕೈಯಲ್ಲಿ ನಾದಿದರೆ ಮೂರನೇ ವಾರ ಮಣಿಕಟ್ಟು ನೋವು ಅಂತ ಅರ್ಧ ಮಂದಿ ಕೂರುತ್ತಾರೆ. ಒಂದು ಎಚ್‌ಪಿ ಸಿಂಗಲ್ ಫೇಸ್ ಮೋಟಾರಿನ, ಒಳಪಾತ್ರೆ ಸ್ಟೇನ್‌ಲೆಸ್ ಸ್ಟೀಲ್ 304 ಇರುವುದನ್ನು ನೋಡಿ, ಬಿಸಿ ಎಸರು ನೇರ ಹಾಕಲು ಬರುವಂಥದ್ದು. ಒಂದು ಸಲಕ್ಕೆ 5 ಕೆ.ಜಿ.ಗಿಂತ ಹೆಚ್ಚು ನಾದಬೇಡಿ, ಅರ್ಧ ತಾಸಿನಲ್ಲಿ ಮುಗಿಯದ ಹಿಟ್ಟು ಮೇಲೆ ಒಣಗಿ ಸೀಳುತ್ತದೆ.

ಪೂರ್ತಿ ರೊಟ್ಟಿ ಮಷೀನಿನಲ್ಲಿ ಎರಡು ಜಾತಿ. ಒತ್ತುವುದು ಒಂದು, ಹಾಳೆ ಎಳೆದು ಬಳೆಯಿಂದ ಕತ್ತರಿಸುವುದು ಇನ್ನೊಂದು. ಕತ್ತರಿಸುವುದರಲ್ಲಿ ಅಂಚಿನ ಹಿಟ್ಟು ಉಳಿದು ಮತ್ತೆ ಒಳಗೆ ಹೋಗುತ್ತದೆ. ಚಪಾತಿಗೆ ಅದು ನಡೆಯುತ್ತದೆ, ಜೋಳಕ್ಕೆ ಎರಡನೇ ಸುತ್ತಿಗೆ ಜಿಗಿ ಇರುವುದಿಲ್ಲ. ಮಾರುವವರು ಮೊದಲ ಹತ್ತು ನಿಮಿಷ ತೋರಿಸುತ್ತಾರೆ, ಆಗ ಎಲ್ಲ ಚೆನ್ನಾಗಿಯೇ ಬರುತ್ತದೆ. ನಿಮ್ಮದೇ ಹಿಟ್ಟು 5 ಕೆ.ಜಿ. ಒಯ್ದು, ನೀವೇ ಎಸರು ಹಾಕಿ ಕಲಸಿ, ಕೊನೆಯ ಉಂಡೆ ತನಕ ಓಡಿಸಿ. 45 ಗ್ರಾಂ ಲೆಕ್ಕದಲ್ಲಿ 110 ರೊಟ್ಟಿ ಬರಬೇಕು. ಸೀಳದ, ಸುಡದ ರೊಟ್ಟಿ ಎಷ್ಟು ಅಂತ ಎಣಿಸಿ. 100ಕ್ಕಿಂತ ಕಡಿಮೆ ಆದರೆ ಎದ್ದು ಬನ್ನಿ. ತ್ರೀ ಫೇಸ್ ಬೇಕಾದ ಯಂತ್ರ ಆದರೆ ನಿಮ್ಮ ಊರಲ್ಲಿ ದಿನಕ್ಕೆ ಎಷ್ಟು ತಾಸು ತ್ರೀ ಫೇಸ್ ಇರುತ್ತದೆ ಎಂಬುದನ್ನೂ ಲೆಕ್ಕ ಹಿಡಿಯಿರಿ.

ಮತ್ತೆ ವಿತರಕರನ್ನು ಕೇಳಿ: ಅವರ ಗಿರಾಕಿಗೆ ಬೇಕಾದದ್ದು ಕೈರೊಟ್ಟಿಯೋ, ಯಾವುದಾದರೂ ನಡೆಯುತ್ತದೋ. ಪ್ಯಾಕೆಟ್ ಮೇಲೆ ‘ಕೈಯಿಂದ ಬಡಿದದ್ದು’ ಅಂತ ಅಚ್ಚು ಹಾಕಿಸಿ ಆಮೇಲೆ ಮಷೀನಿಗೆ ಹೋದರೆ ಅದು ಸುಳ್ಳು ಲೇಬಲ್.

---

ಪ್ಯಾಕಿಂಗ್_ಟೇಬಲ್

45 ದಿನದ ಪ್ರಶ್ನೆ ಉಳಿದಿದೆ. ಬರೆಯಿರಿ ಅಂದ ಮಾತ್ರಕ್ಕೆ ಬರೆಯಬೇಡಿ, ಬೂಸ್ಟು ಬಂದರೆ ಜವಾಬು ಕೊಡಬೇಕಾದವರು ಪ್ಯಾಕೆಟ್ ಮೇಲೆ ಹೆಸರಿರುವ ನೀವು.

ಮನೆಯಲ್ಲೇ ಮಾಡುವ ಪರೀಕ್ಷೆ: ಒಂದೇ ದಿನದ 30 ಪ್ಯಾಕೆಟ್ ತೆಗೆದಿಡಿ, ಅರ್ಧ ಒಣ ಕೋಣೆಯಲ್ಲಿ, ಅರ್ಧ ಬಚ್ಚಲ ಪಕ್ಕದ ತೇವದ ಜಾಗದಲ್ಲಿ. ಐದು ದಿನಕ್ಕೊಮ್ಮೆ ಎರಡೂ ಕಡೆಯಿಂದ ಒಂದೊಂದು ಒಡೆದು ತೂಕ, ಮುರಿಯುವ ಸದ್ದು, ವಾಸನೆ, ರುಚಿ ಬರೆಯಿರಿ. ತೂಕ ಏರುತ್ತ ಹೋದರೆ ಪ್ಯಾಕೆಟ್ ತೇವ ಎಳೆಯುತ್ತಿದೆ, ಸೀಲ್ ಅಥವಾ ಕವರಿನ ದೋಷ. ತೂಕ ಸರಿಯಿದ್ದು ಕಹಿ ಬಂದರೆ ಹಿಟ್ಟು ಹಳೆಯದು. ಎರಡೂ ಸರಿಯಿದ್ದು ಬೂಸ್ಟು ಬಂದರೆ ರೊಟ್ಟಿ ಬಿಸಿ ಇರುವಾಗಲೇ ಕವರಿಗೆ ಹೋಗಿದೆ. ಕಡಕ್ ಮಾಡಿದ ಮೇಲೆ ರೊಟ್ಟಿಯನ್ನು ಒಂದರ ಮೇಲೊಂದು ಪೇರಿಸದೆ ಅಂಚಿನ ಮೇಲೆ ನಿಲ್ಲಿಸಿ ಎರಡು ತಾಸು ಆರಿಸಿ. ಕವರಿನ ಒಳಗೆ ಮಂಜಿನ ಹನಿ ಒಂದು ಕಂಡರೂ ಆ ಪ್ಯಾಕೆಟ್ ಹೊರಡಬಾರದು. ಈ ಪರೀಕ್ಷೆಯಲ್ಲಿ ರೊಟ್ಟಿ ತಡೆದ ದಿನಕ್ಕಿಂತ ಕಡಿಮೆಯನ್ನೇ ಲೇಬಲ್ ಮೇಲೆ ಹಾಕಿ. ದೊಡ್ಡ ಅಂಗಡಿಗೆ ಹೋಗುವುದಾದರೆ ಎಫ್‌ಎಸ್‌ಎಸ್‌ಎಐ ಮಾನ್ಯ ಮಾಡಿದ ಲ್ಯಾಬಿನ ವರದಿ ಕೇಳುತ್ತಾರೆ. ಪ್ಯಾಕಿಂಗ್ ಕಲಿಯಲು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಅಲ್ಪಾವಧಿ ತರಬೇತಿ ನಡೆಸುತ್ತದೆ.

ಲೇಬಲ್ ಮೇಲೆ ನಿವ್ವಳ ತೂಕ, ಎಂಆರ್‌ಪಿ, ತಯಾರಿಕೆಯ ದಿನ, ಬ್ಯಾಚ್, ವಿಳಾಸ, ಗ್ರಾಹಕರ ದೂರವಾಣಿ, ಹಸಿರು ಚುಕ್ಕೆ, 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್. ಕಾನೂನು ಮಾಪನ ಇಲಾಖೆಯಲ್ಲಿ ಪ್ಯಾಕರ್ ನೋಂದಣಿ ಮರೆಯಬೇಡಿ, ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ. ವಿತರಕರು ‘ಗ್ಲುಟೆನ್ ಫ್ರೀ’ (ಗೋದಿಯ ಅಂಟು ಇಲ್ಲದ್ದು) ಅಂತ ಹಾಕಿ ಅನ್ನಬಹುದು. ಅದಕ್ಕೆ ಕೆ.ಜಿ.ಗೆ 20 ಮಿ.ಗ್ರಾಂ ಮಿತಿ ಇದೆ. ಗೋದಿ ಬೀಸಿದ ಗಿರಣಿಯಲ್ಲೇ ಜೋಳ ಬೀಸಿದರೆ ಆ ಮಾತು ಬರೆಯಬೇಡಿ.

---

ರೊಟ್ಟಿ_ಕೇಂದ್ರ

ಭಾಳ ಉಪಕಾರ ಆತ್ರಿ. ಮೊದಲು ವಾರದ ಪಾವತಿ ಕೇಳತೀವಿ, ದಿನಕ್ಕ 1,000ದಿಂದ ಶುರು ಮಾಡೂಣಂತ ಹೇಳತೀವಿ. ಮಷೀನ್ ಬಿಟ್ಟು ನಾದೂದರ ಕೊಟೇಶನ್ ಅಷ್ಟ ತಗೋತೀವಿ. ಒಂದ ಉಳೀತು: ಬಸ್ಸಿನಾಗ ‘ನಮ್ಮ ಕಾರ್ಗೋ’ದಾಗ ಕಳಸಿದ್ರ ಮುರೀಲಾರದಂಗ ಹೆಂಗ ಕಟ್ಟೂದು?

---

ಪ್ಯಾಕಿಂಗ್_ಟೇಬಲ್

ಹತ್ತು ರೊಟ್ಟಿಯ ಕೆಳಗೊಂದು ಮೇಲೊಂದು 9 ಇಂಚಿನ ದುಂಡು ರಟ್ಟು ಇಟ್ಟು ಕವರಿಗೆ ಹಾಕಿ. ಹೊರಡಬ್ಬಿ ಐದು ಪದರದ್ದು, ಒಳ ಅಗಲ ಪ್ಯಾಕೆಟ್ಟಿಗಿಂತ 1 ಸೆಂ.ಮೀ. ಮಾತ್ರ ಹೆಚ್ಚು. ಡಬ್ಬಿಯೊಳಗೆ ರೊಟ್ಟಿ ಓಡಾಡಿದರೆ ಮುರಿಯುವುದು ಅಲ್ಲೇ, ಮೇಲಿನ ಭಾರಕ್ಕಲ್ಲ. ಒಂದರ ಮೇಲೊಂದು ಐದು ಪ್ಯಾಕೆಟ್ಟಿಗಿಂತ ಹೆಚ್ಚು ಬೇಡ, ಮೇಲೆ ಉಳಿದ ಸಂದಿಗೆ ಹಳೆ ಪೇಪರ್ ಬಿಗಿಯಾಗಿ ತುರುಕಿ. ಕಟ್ಟಿದ ಡಬ್ಬಿಯನ್ನು ಸೊಂಟದ ಎತ್ತರದಿಂದ ಮೂರು ಸಲ ಬೀಳಿಸಿ, ಬಿಚ್ಚಿ ಎಣಿಸಿ. 50ರಲ್ಲಿ ಎರಡಕ್ಕಿಂತ ಹೆಚ್ಚು ಮುರಿದಿದ್ದರೆ ಡಬ್ಬಿಯ ಅಳತೆ ಬದಲಿಸಿ. ಮುರಿದವನ್ನು ಎಸೆಯಬೇಡಿ, ಪುಡಿ ಮಾಡಿ ಒಗ್ಗರಣೆ ಕೊಟ್ಟರೆ ರೊಟ್ಟಿ ಚೂಡಾ ಆಗುತ್ತದೆ. ಅದನ್ನು ಪ್ಯಾಕೆಟ್ ಮಾಡುವ ದಿನ ಮೇಲಿನ ಜಿಎಸ್‌ಟಿ ಮಾತು ನೆನಪಿರಲಿ, ಚೂಡಾ ರೊಟ್ಟಿಯ ಲೆಕ್ಕಕ್ಕೆ ಬರುವುದಿಲ್ಲ.